ಕುಡಿತ ಊರುಗೋಲಾಗುತ್ತದೆಯೇ?

ಪ್ರಶ್ನೆ: ನಾನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಬಿಡುವಿದ್ದಾಗ ಇಂಗ್ಲಿಷ್ ಲೇಖನಗಳನ್ನು ಕನ್ನಡಕ್ಕೆ ತರುತ್ತೇನೆ. ಈಚೆಗೆ ಒಂದೇ ಲೇಖನದಲ್ಲಿ ‘ಕ್ರಚ್’ ಎಂಬ ಪದ ನಾಲ್ಕು ಸಲ ಬಂತು. ಅಪಘಾತವಾದವನೊಬ್ಬ ಎರಡು ಕ್ರಚ್ ಹಿಡಿದು ನಡೆಯುತ್ತಾನೆ, ಇದು ಮೊದಲನೆಯದು. ಆಮೇಲೆ ಅವನಿಗೆ ಕುಡಿತವೇ ಕ್ರಚ್ ಆಗುತ್ತದೆ. ಮೂರನೆಯದು ‘ಕ್ರಚ್ ವರ್ಡ್’, ಅಂದರೆ ಮಾತಿನ ನಡುವೆ ಸುಮ್ಮನೆ ನುಸುಳುವ ‘ಯು ನೋ’ ತರಹದ ಮಾತು. ಕೊನೆಯದು ಸರ್ಕಾರಕ್ಕೆ ಕ್ರಚ್ ಆಗಿರುವ ಒಂದು ಸಣ್ಣ ಪಕ್ಷ. ನಾನು ನಾಲ್ಕಕ್ಕೂ ‘ಊರುಗೋಲು’ ಎಂದೇ ಬರೆದೆ. ಕೋಲು ಹಿಡಿದು ಓಡಾಡುವ ನನ್ನ ತಂದೆ ಓದಿ, “ಕುಡಿತ ಹ್ಯಾಗಮ್ಮ ಊರುಗೋಲಾಗುತ್ತೆ? ಊರುಗೋಲು ನಿಲ್ಲಿಸುತ್ತೆ, ಅದು ಬೀಳಿಸುತ್ತೆ” ಎಂದರು. ಅವರು ಹೇಳಿದ್ದು ಸರಿಯೇ? ಸರಿ ಎಂದಾದರೆ ಬೇರೆ ಏನು ಬರೆಯಲಿ?

ಉತ್ತರ: ನಿಮ್ಮ ತಂದೆ ಹೇಳಿದ್ದೇ ಸರಿ. ಆ ವಾಕ್ಯ ನನ್ನ ಮೇಜಿಗೆ ಬಂದಿದ್ದರೆ ನಾನೂ ಕೆಂಪು ಗೆರೆ ಎಳೆಯುತ್ತಿದ್ದೆ. ಆದರೆ ಕಾರಣ ಹೇಳಲು ನನಗೆ ಅರ್ಧ ಪುಟ ಬೇಕಾಗುತ್ತಿತ್ತು. ಈಗಲೂ ಬೇಕು, ಸ್ವಲ್ಪ ಜಾಸ್ತಿಯೇ ಬೇಕು.

ಮೊದಲು ನಮ್ಮ ಪದವನ್ನು ಬಿಚ್ಚಿ ನೋಡೋಣ. ಊರು ಮತ್ತು ಕೋಲು ಸೇರಿ ಊರುಗೋಲು. ಮಳೆ ಮತ್ತು ಕಾಲ ಸೇರಿ ಮಳೆಗಾಲ ಆದ ಹಾಗೆ ಇಲ್ಲೂ ಕಕಾರ ಗಕಾರವಾಗಿದೆ, ಶಾಲೆಯಲ್ಲಿ ಕಲಿತ ಆದೇಶ ಸಂಧಿ. ಆದರೆ ಈ ಊರು ಯಾವುದು? ಒಬ್ಬ ಹುಡುಗ ಒಮ್ಮೆ ಉತ್ತರ ಪತ್ರಿಕೆಯಲ್ಲಿ ‘ಊರಿಂದ ಊರಿಗೆ ಹೋಗುವಾಗ ಹಿಡಿಯುವ ಕೋಲು’ ಎಂದು ಬರೆದಿದ್ದ. ಓದಲು ಚೆನ್ನಾಗಿಯೇ ಇತ್ತು, ಅಂಕ ಕೊಡಲು ಆಗಲಿಲ್ಲ ಅಷ್ಟೆ. ಸಂಸ್ಕೃತದಲ್ಲಿ ತೊಡೆಗೂ ಊರು ಎನ್ನುತ್ತಾರೆ. ದುರ್ಯೋಧನನ ಊರುಭಂಗದಲ್ಲಿ ಇರುವುದು ಆ ಊರು. ನಮಗೆ ಬೇಕಾದದ್ದು ಅದೂ ಅಲ್ಲ. ನಮ್ಮದು ಕ್ರಿಯಾಪದ. ನೆಲಕ್ಕೆ ಒತ್ತಿ ನಿಲ್ಲಿಸು, ನಾಟು, ಭಾರ ಬಿಡು ಎಂಬ ಅರ್ಥದ್ದು. ಬೀಜ ಊರುತ್ತೇವೆ. ಕೆಳಗೆ ಕೂತವರು ಕೈ ಊರಿ ಏಳುತ್ತಾರೆ. ಗಿಡ ಬೇರೂರುತ್ತದೆ. ಎರಡು ದಿನಕ್ಕೆಂದು ಬಂದ ನೆಂಟರು ತಳವೂರುತ್ತಾರೆ. ಎಲ್ಲ ಕಡೆ ಕೆಲಸ ಒಂದೇ, ಮೇಲಿನ ಭಾರವನ್ನು ನೆಲಕ್ಕೆ ಮುಟ್ಟಿಸುವುದು.

ಹಳಗನ್ನಡದವರಿಗೆ ಈ ಊರುಗಳ ಗೊಂದಲ ಇರಲಿಲ್ಲ. ವಾಸದ ಊರಿಗೆ ಸಾದಾ ರಕಾರ, ಈ ಕ್ರಿಯಾಪದಕ್ಕೆ ಶಕಟರೇಫ ಎಂಬ ಹಳೆಯ ಱಕಾರ, ಅಂದರೆ ‘ಊಱು’. ಕಿಟೆಲ್ 1894ರಲ್ಲಿ ಮಂಗಳೂರಿನಿಂದ ಹೊರತಂದ ನಿಘಂಟಿನಲ್ಲಿ ಱಕಾರದ ಗುರುತು ಇನ್ನೂ ಉಳಿದಿದೆ. ನಮ್ಮ ದಿನಬಳಕೆಯಿಂದ ಅದು ಯಾವತ್ತೋ ಬಿದ್ದುಹೋಯಿತು. ತಮಿಳಿನ ಪಕ್ಕ ಇಟ್ಟರೆ ವಿಷಯ ಇನ್ನೂ ತಿಳಿಯಾಗುತ್ತದೆ. ಅವರ ‘ಮೂನ್ಱು’ ನಮ್ಮಲ್ಲಿ ‘ಮೂಱು’ ಆಗಿ ಆಮೇಲೆ ‘ಮೂರು’ ಆಯಿತು. ಅವರ ‘ಊನ್ಱು’ ನಮ್ಮಲ್ಲಿ ‘ಊಱು’ ಆಗಿ ‘ಊರು’ ಆಯಿತು. ಅವರು ಇವತ್ತಿಗೂ ಊನ್ಱುಕೋಲ್ ಎನ್ನುತ್ತಾರೆ, ಮಲಯಾಳಿಗಳು ಊನ್ನುವಡಿ ಎನ್ನುತ್ತಾರೆ. ತೆಲುಗಿನ ಊತಕರ್ರ ಕೂಡ ಇದೇ ಬಳಗದ್ದು. ಅಲ್ಲಿ ಊತ ಎಂದರೆ ಆಸರೆ. ನಮ್ಮಲ್ಲಿ ಊತ ಎಂದರೆ ಬಾವು. ಬಳ್ಳಾರಿಯ ಕಡೆ ಯಾರಾದರೂ “ಕಾಲಿಗೆ ಊತ ಬೇಕು” ಎಂದರೆ ಗಾಬರಿ ಆಗಬೇಡಿ.

ಇಷ್ಟೆಲ್ಲ ಹೇಳಿದ್ದು ವ್ಯಾಕರಣದ ಹುಚ್ಚಿಗಲ್ಲ. ನಾಲ್ಕು ದ್ರಾವಿಡ ಭಾಷೆಗಳೂ ಈ ಕೋಲಿಗೆ ಅದು ಮಾಡುವ ಕೆಲಸದ ಹೆಸರನ್ನೇ ಇಟ್ಟಿವೆ. ಬೇರೆ ಕಡೆ ನೋಡಿ, ಹೆಚ್ಚಿನವರು ಆಕಾರ ನೋಡಿ ಹೆಸರಿಟ್ಟಿದ್ದಾರೆ. ಇಂಗ್ಲಿಷಿನ ಕ್ರಚ್ ಹಳೆಯ ಜರ್ಮ್ಯಾನಿಕ್ ಪದ, ಮೂಲದಲ್ಲಿ ಬಾಗಿದ್ದು, ಕೊಕ್ಕೆಯಂಥದ್ದು ಎಂಬ ಅರ್ಥ. ಹಿಂದಿಯ ಬೈಸಾಖಿಗೆ ಮೂಲ ವಿಶಾಖ, ಅಂದರೆ ಕವಲೊಡೆದದ್ದು. ಪಂಜಾಬಿನ ಬೈಸಾಖಿ ಹಬ್ಬದ ಹೆಸರು ವೈಶಾಖ ಮಾಸದಿಂದ ಬಂದದ್ದು. ಎರಡೂ ಕಿವಿಗೆ ಒಂದೇ ಥರ ಕೇಳಿಸುತ್ತವೆ, ಅಷ್ಟೆ. ಮರಾಠಿಯಲ್ಲಿ ಕುಬಡಿ ಎನ್ನುತ್ತಾರೆ. ಗೂನಿಗೆ ಅವರಲ್ಲಿ ಕುಬಡ್. ಸ್ಪೇನಿನವರದು ಮಾತ್ರ ತಮಾಷೆ, ಅವರ ‘ಮುಲೆತಾ’ ಎಂದರೆ ಪುಟ್ಟ ಹೇಸರಗತ್ತೆ. ಭಾರ ಹೊರುವುದಕ್ಕೆ ಆ ಹೆಸರು. ಗೂಳಿ ಕಾಳಗದವನು ಬೀಸುವ ಕೆಂಪು ಬಟ್ಟೆಗೂ ಅವರಲ್ಲಿ ಅದೇ ಹೆಸರು. ಇಟಲಿಯಲ್ಲಿ ಕ್ರಚ್ಚಿಗೂ ಬಟ್ಟೆ ತೂಗುಹಾಕುವ ಹ್ಯಾಂಗರಿಗೂ ‘ಗ್ರುಚ್ಚಾ’ ಎಂಬ ಒಂದೇ ಪದ. ಈ ಹ್ಯಾಂಗರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ವಸ್ತು. ಕನ್ನಡದಲ್ಲಿ ಊರುಗೋಲು ಎಂದ ಕೂಡಲೇ ಕಣ್ಣಿಗೆ ಬರುವುದು ಅಜ್ಜನ ಕೈಯ ಒಂಟಿ ಕೋಲು. ಆಸ್ಪತ್ರೆಯಲ್ಲಿ ಕೊಡುವ ಜೋಡಿ ಕೋಲಿಗೆ ಕಂಕುಳುಗೋಲು ಎನ್ನುವವರಿದ್ದಾರೆ. ಉತ್ತರ ಕರ್ನಾಟಕದಲ್ಲಿ ಕಂಕುಳು ಬಗಲಾದ್ದರಿಂದ ಅದು ಬಗಲುಗೋಲು. ಮೇಲ್ತುದಿ ಕವಲಾಗಿರುವುದಕ್ಕೆ ಕವೆಗೋಲು ಎಂದೂ ಹೇಳಬಹುದು, ಗೊನೆ ಬಿಟ್ಟ ಬಾಳೆಗೆ ಕೊಡುತ್ತೇವಲ್ಲ, ಹಾಗೆ. ಮೆಡಿಕಲ್ ಅಂಗಡಿಯಲ್ಲಿ ಮಾತ್ರ ಇದ್ಯಾವುದೂ ನಡೆಯುವುದಿಲ್ಲ. ಅಲ್ಲಿ ‘ಕ್ರಚಸ್ಸು’, ‘ಎಲ್ಬೋ ಸ್ಟಿಕ್ಕು’, ‘ವಾಕರ್ರು’. ನಿಮ್ಮ ಮೊದಲ ವಾಕ್ಯಕ್ಕೆ ಕಂಕುಳುಗೋಲು ಎಂದೇ ಬರೆಯಿರಿ. ಲೇಖನದಲ್ಲಿ ಮುಂಗೈಗೆ ಪಟ್ಟಿ ಇರುವ ಗಿಡ್ಡ ಕೋಲು ಎಂದು ಗೊತ್ತಾದರೆ ಮೊಣಕೈ ಕೋಲು ಎನ್ನಿ.

ಕಂಕುಳುಗೋಲು ಎಂಬ ಹೆಸರಿನ ಬಗ್ಗೆ ನನಗೆ ಒಂದು ಸ್ವಂತ ತಕರಾರಿದೆ. ಕೆಲವು ವರ್ಷದ ಹಿಂದೆ ಮಳೆಗಾಲದಲ್ಲಿ ಹಿತ್ತಲ ಮೆಟ್ಟಿಲ ಪಾಚಿಯ ಮೇಲೆ ಜಾರಿ ಪಾದದ ಗಿಣ್ಣು ಮುರಿದುಕೊಂಡೆ. ಆರು ವಾರ ಪ್ಲಾಸ್ಟರ್. ಹೊಸ ಜೋಡಿ ಯಾಕೆ ಸುಮ್ನೆ ಖರ್ಚು ಎಂದು ಪಕ್ಕದ ಮನೆಯವರ ಅಟ್ಟದಲ್ಲಿದ್ದ ಹಳೆಯ ಮರದ ಜೋಡಿಯನ್ನು ತಂದುಕೊಂಡೆ. ಅವರು ನನಗಿಂತ ಒಂದು ಗೇಣು ಎತ್ತರ. ಕೋಲಿನ ತಲೆ ನನ್ನ ಕಂಕುಳಿಗೆ ಒತ್ತಿಕೊಂಡೇ ಇತ್ತು. ಹೆಸರೇ ಕಂಕುಳುಗೋಲು ಅಲ್ವಾ, ಹೀಗೇ ಇರಬೇಕು ಎಂದುಕೊಂಡೆ. ಇಡೀ ಮೈಯನ್ನು ಅದರ ಮೇಲೆ ಹಾಕಿ ಲೋಲಕದ ಹಾಗೆ ತೂಗುತ್ತಾ ಮನೆಯೆಲ್ಲ ಓಡಾಡಿದೆ. ನಾಲ್ಕನೇ ದಿನ ಬಲಗೈ ಬೆರಳುಗಳು ಜುಮುಜುಮು ಎನ್ನತೊಡಗಿದವು. ಕಾಫಿ ಲೋಟ ಎತ್ತಿದರೆ ಮಣಿಕಟ್ಟು ಸೋತಂತೆ ಬಾಗುತ್ತಿತ್ತು. ಮುರಿದದ್ದು ಕಾಲು, ಕೈಗೇನಾಯಿತು ಎಂದು ಹೆದರಿ ಫಿಸಿಯೋಥೆರಪಿಸ್ಟ್ ಬಳಿ ಹೋದೆ.

ಆ ಹುಡುಗಿ ನಾನು ಬಾಗಿಲಿಂದ ಮೇಜಿನವರೆಗೆ ಬರುವುದನ್ನು ನೋಡಿದಳು, ಅಷ್ಟೇ. “ಸಾರ್, ನೀವು ಕೋಲಿಗೆ ಜೋತುಬಿದ್ದಿದ್ದೀರಿ. ಜೋತುಬೀಳಬೇಡಿ, ಊರಿ” ಎಂದಳು. ಹ್ಯಾಂಗರಿಗೆ ತೂಗುಹಾಕಿದ ಅಂಗಿ ಥರ ಕಾಣುತ್ತಿದ್ದೆ ಅಂತ ಕಾಣುತ್ತದೆ. ಇಟಲಿಯವರ ಪದ ನೆನಪಿಟ್ಟುಕೊಳ್ಳಿ ಎಂದಿದ್ದು ಇದಕ್ಕೇ.

ಅವಳು ವಿವರಿಸಿದ್ದು ಇದು. ಕಂಕುಳಿನಲ್ಲಿ ಚರ್ಮಕ್ಕೆ ಹತ್ತಿರವೇ ತೋಳಿನ ನರಗಳು ಹಾದುಹೋಗುತ್ತವೆ. ಅವುಗಳಲ್ಲಿ ರೇಡಿಯಲ್ ನರ ಮಣಿಕಟ್ಟನ್ನೂ ಬೆರಳುಗಳನ್ನೂ ಮೇಲಕ್ಕೆ ಎತ್ತುವ ಸ್ನಾಯುಗಳಿಗೆ ಹೋಗುವಂಥದ್ದು. ದಿನಗಟ್ಟಲೆ ಅದರ ಮೇಲೆ ಭಾರ ಬಿದ್ದರೆ ಮಣಿಕಟ್ಟು ಜೋತುಬೀಳುತ್ತದೆ. ವೈದ್ಯರ ಭಾಷೆಯಲ್ಲಿ ಇದಕ್ಕೆ ‘ಕ್ರಚ್ ಪಾಲ್ಸಿ’ ಎಂದೇ ಹೆಸರು. ಆದ್ದರಿಂದ ಭಾರವೆಲ್ಲ ಬೀಳಬೇಕಾದದ್ದು ಅಂಗೈ ಮೇಲೆ. ಕೋಲಿನ ತಲೆ ಕಂಕುಳಿಗಿಂತ ಎರಡು ಮೂರು ಬೆರಳಷ್ಟು ಕೆಳಗೇ ಇರಬೇಕು, ಅದನ್ನು ಪಕ್ಕೆಗೆ ಒತ್ತಿ ಹಿಡಿಯಬೇಕು. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಗೆ ಹಿಡಿಕೆ ಸಿಗಬೇಕು. ಹಿಡಿದಾಗ ಮೊಣಕೈ 20–30 ಡಿಗ್ರಿಯಷ್ಟು ಬಾಗಿರಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು. ಇಳಿಯುವಾಗ ಕೋಲೂ ನೋವಿನ ಕಾಲೂ ಮೊದಲು. ನನ್ನ ಕೋಲನ್ನು ಅಲ್ಲೇ ನಾಲ್ಕು ತೂತು ಕೆಳಗಿಳಿಸಿ ಬೋಲ್ಟ್ ಬಿಗಿದಳು. ವಾರದಲ್ಲಿ ಬೆರಳು ಸರಿಹೋದವು.

ಎಷ್ಟೋ ವರ್ಷ ಪದಗಳ ಜೊತೆ ಕೂತವನು ನಾನು. ಈ ಪದದ ಒಳಗುಟ್ಟು ಹೇಳಿಕೊಟ್ಟವಳು ಆ ಹುಡುಗಿ. ಊರುವುದು ಒಂದು, ಜೋತುಬೀಳುವುದು ಇನ್ನೊಂದು. ಊರಿದಾಗ ಭಾರ ಕೋಲಿನ ಮೂಲಕ ನೆಲಕ್ಕೆ ಹೋಗುತ್ತದೆ, ನಡೆಯುವವನು ನೀವೇ. ಜೋತುಬಿದ್ದರೆ ನೀವು ಬರೀ ಹೊರೆ. ಇಂಗ್ಲಿಷಿನ ಕ್ರಚ್ ಎಂಬ ಪದದೊಳಗೆ ಈ ಎರಡೂ ಇವೆ. ಕನ್ನಡದ ಊರುಗೋಲಿನಲ್ಲಿ ಮೊದಲನೆಯದು ಮಾತ್ರ ಇದೆ, ಏಕೆಂದರೆ ಕ್ರಿಯಾಪದ ಅದರ ಹೆಸರಲ್ಲೇ ಕೂತಿದೆ. ನಿಮ್ಮ ತಂದೆಯವರ ಕಿವಿಗೆ ತಟ್ಟಿದ್ದು ಇದೇ.

ಕನ್ನಡದಲ್ಲಿ ಊರುಗೋಲನ್ನು ರೂಪಕವಾಗಿ ಎಲ್ಲೆಲ್ಲಿ ಹೇಳುತ್ತೇವೆ ನೋಡಿ. ಮಗಳು ಮುಪ್ಪಿನಲ್ಲಿ ಅಪ್ಪ ಅಮ್ಮನಿಗೆ ಊರುಗೋಲಾದಳು. ಒಂದು ಎಮ್ಮೆ ಇಡೀ ಸಂಸಾರಕ್ಕೆ ಊರುಗೋಲಾಯಿತು. ಪಿಂಚಣಿಯೇ ಅಜ್ಜಿಗೆ ಊರುಗೋಲು. ಇದರಲ್ಲಿ ಎಲ್ಲೂ ಬೈಗುಳ ಇಲ್ಲ, ಕೃತಜ್ಞತೆಯೇ ಜಾಸ್ತಿ. ಇಂಗ್ಲಿಷಿನಲ್ಲಿ ಯಾರನ್ನಾದರೂ ‘ನಿನ್ನ ಮಗಳು ನಿನಗೆ ಕ್ರಚ್’ ಎಂದರೆ ಮಾತು ಬಿಡುತ್ತಾರೆ. ಜರ್ಮನರು ಇನ್ನೂ ಒಂದು ಹೆಜ್ಜೆ ಮುಂದೆ. ಅವರ ಆಡುಮಾತಿನಲ್ಲಿ ‘ಕ್ರ್ಯುಕೆ’ ಎಂದರೆ ಕೈಲಾಗದವನು ಎಂದೂ ಆಗುತ್ತದೆ. ರಷ್ಯಾದ ಸಾಫ್ಟ್‌ವೇರ್ ಹುಡುಗರಿಗೆ ‘ಕಸ್ತೀಲ್’, ಅಂದರೆ ಕ್ರಚ್, ಎಂದರೆ ಬಗ್ ಮುಚ್ಚಲು ಅವಸರದಲ್ಲಿ ಅಂಟಿಸಿದ ತೇಪೆ. ಬೆಂಗಳೂರಿನ ನಮ್ಮ ಹುಡುಗರು ಅದಕ್ಕೆ ಜುಗಾಡ್ ಎನ್ನುತ್ತಾರೆ.

ಹಾಗಂತ ನಮ್ಮವರು ಕೋಲನ್ನು ಬರೀ ಹೊಗಳಿದರು ಎಂದೇನಲ್ಲ. ಬಸವಣ್ಣನವರ ವಚನ ನೆನಪಿರಬಹುದು, ‘ಹಲ್ಲು ಹೋಗಿ, ಬೆನ್ನು ಬಾಗಿ, ಅನ್ಯರಿಗೆ ಹಂಗಾಗದ ಮುನ್ನ, ಕಾಲ ಮೇಲೆ ಕೈಯನೂರಿ ಕೋಲ ಹಿಡಿಯದ ಮುನ್ನ’. 12ನೇ ಶತಮಾನದ ಈ ಸಾಲಿನಲ್ಲಿ ಊರುವುದೂ ಕೋಲೂ ಅಕ್ಕಪಕ್ಕದಲ್ಲೇ ನಿಂತಿವೆ, ಸಮಾಸವಾಗಿ ಒಂದಾಗಿಲ್ಲ ಅಷ್ಟೆ. ಇಲ್ಲಿ ಕೋಲು ಹಿಡಿಯುವುದು ಮುಪ್ಪಿನ ಗುರುತು, ನಿಜ. ಆದರೆ ಮುಳ್ಳು ಇರುವುದು ಕೋಲಿನಲ್ಲಲ್ಲ, ‘ಹಂಗು’ ಎಂಬ ಮಾತಿನಲ್ಲಿ. ಈ ಹಂಗು ನಿಮ್ಮ ನಾಲ್ಕನೆಯ ವಾಕ್ಯಕ್ಕೆ ಬೇಕಾಗುತ್ತದೆ.

ಕೋಲು ಎಂದರೆ ಸೋಲು ಎಂದು ತಿಳಿದವರಿಗೆ ದಂಡಿ ಯಾತ್ರೆಯ ಚಿತ್ರ ತೋರಿಸಬೇಕು. 1930ರಲ್ಲಿ ಗಾಂಧೀಜಿಗೆ 60 ದಾಟಿತ್ತು. ಸಾಬರಮತಿಯಿಂದ ದಂಡಿಯವರೆಗೆ ಸುಮಾರು 385 ಕಿಲೋಮೀಟರ್, 24 ದಿನ. ಕೈಯಲ್ಲಿ ಎತ್ತರದ ಕೋಲು, ಹಿಂದೆ ಬರುವ ಹುಡುಗರಿಗೇ ಏದುಸಿರು. ಆ ಕೋಲು ಮಂಜೇಶ್ವರದ ಗೋವಿಂದ ಪೈಗಳದು, ಗಾಂಧೀಜಿಯ ಒಡನಾಡಿ ಕಾಕಾ ಕಾಲೇಲ್ಕರರ ಮೂಲಕ ಗಾಂಧೀಜಿಯ ಕೈ ಸೇರಿತು ಎಂಬ ಮಾತು ನಮ್ಮ ಕರಾವಳಿಯಲ್ಲಿ ಇದೆ. ಯೋಗದಂಡದ ಕಥೆಯೂ ಇಂಥದ್ದೇ. ಜಪಕ್ಕೆ ಕೂತ ಸ್ವಾಮಿಗಳ ಕಂಕುಳಲ್ಲಿ ಇರುವ ಆ ಗಿಡ್ಡ ಕವೆ ಆಕಾರದಲ್ಲಿ ಥೇಟ್ ಕ್ರಚ್ಚೇ. ಮರಾಠಿಯಲ್ಲಿ ಅದಕ್ಕೂ ಕುಬಡಿ ಎನ್ನುತ್ತಾರೆ. ಒಂದು ಕಂಕುಳಿಗೆ ಒತ್ತು ಕೊಟ್ಟರೆ ಎದುರು ಬದಿಯ ಮೂಗಿನ ಹೊಳ್ಳೆಯಲ್ಲಿ ಉಸಿರು ಸಲೀಸಾಗುತ್ತದೆ ಎಂಬುದು ಯೋಗಿಗಳ ಲೆಕ್ಕ. ಕುಂಟುವವನ ಕೋಲು ಎಂದು ಅದನ್ನು ಯಾರೂ ಅಂದುಕೊಳ್ಳುವುದಿಲ್ಲ.

ಈಗ ನಿಮ್ಮ ಎರಡನೇ ವಾಕ್ಯ. ಕುಡಿತ ಅವನಿಗೆ ಕ್ರಚ್ ಆಯಿತು. ಇಲ್ಲಿ ಇಂಗ್ಲಿಷ್ ಹೇಳುತ್ತಿರುವುದು ಜೋತುಬೀಳುವ ಮಾತು. ಹಾಗಿದ್ದರೆ ಹಾಗೆಯೇ ಬರೆಯಿರಿ, ‘ಅವನು ಕುಡಿತಕ್ಕೆ ಜೋತುಬಿದ್ದ’. ದುಃಖ ಮರೆಯಲು ಹೋದ ಎಂಬ ಛಾಯೆ ಬೇಕಿದ್ದರೆ ‘ಕುಡಿತದ ಮೊರೆ ಹೋದ’. ಇನ್ನೂ ಬಿಗಿ ಬೇಕಾದರೆ ‘ಬಾಟಲಿಯನ್ನೇ ನೆಚ್ಚಿಕೊಂಡ’. ಕೆಲವರು ‘ಕುಡಿತಕ್ಕೆ ಶರಣಾದ’ ಎಂದು ಬರೆಯುತ್ತಾರೆ, ತಪ್ಪಲ್ಲ. ಆದರೆ ಪತ್ರಿಕೆಗಳು ಅದನ್ನು ಆತ್ಮಹತ್ಯೆಯಿಂದ ಹಿಡಿದು ಪೊಲೀಸರವರೆಗೆ ಎಲ್ಲಕ್ಕೂ ಬಳಸಿ ಸವೆಸಿಬಿಟ್ಟಿವೆ. ಲೇಖಕರಿಗೆ ಅವನ ಮೇಲೆ ಕನಿಕರ ಇದ್ದರೆ ‘ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ’ ಎಂಬ ಗಾದೆಯ ಕಡೆ ಹೋಗಿ. ಹುಲ್ಲುಕಡ್ಡಿ ಹಿಡಿದವನನ್ನು ನಾವು ಬೈಯುವುದಿಲ್ಲ, ಅದು ತಡೆಯುವುದಿಲ್ಲ ಎಂದೂ ನಮಗೆ ಗೊತ್ತು. ಇಂಗ್ಲಿಷ್ ಲೇಖಕರ ಮನಸ್ಸಿನಲ್ಲಿದ್ದದ್ದು ಬಹುಶಃ ಈ ಭಾವವೇ.

ಮೂರನೆಯದು ನನಗೆ ಇಷ್ಟವಾದದ್ದು. ‘ಕ್ರಚ್ ವರ್ಡ್’. ಕನ್ನಡದ ಮಾತಿನಲ್ಲಿ ಇದರ ಬೆಳೆ ಹುಲುಸಾಗಿದೆ. ಏನಪ್ಪಾ ಅಂದ್ರೆ, ಅದೇ, ಆಮೇಲೆ, ಗೊತ್ತಾಯ್ತಾ, ಈಗ ನೋಡಿ, ಅಲ್ವಾ. ಪೇಟೆಯಲ್ಲಿ ಇದರ ಮೇಲೆ ಆಕ್ಚುಲಿ, ಬೇಸಿಕಲಿ, ಸೋ. ನನ್ನ ಒಬ್ಬ ಮೇಷ್ಟರು ಪ್ರತಿ ವಾಕ್ಯಕ್ಕೂ ‘ಹಾಗಾಗಿ’ ಎಂದು ಶುರು ಮಾಡುತ್ತಿದ್ದರು. ಹಿಂದಿನ ವಾಕ್ಯಕ್ಕೂ ಅದಕ್ಕೂ ಸಂಬಂಧ ಇರಲೇಬೇಕೆಂದಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಒಂದು ಪೀರಿಯಡ್ಡಿಗೆ ಎಷ್ಟು ಎಂದು ಗೆರೆ ಎಳೆದು ಲೆಕ್ಕ ಇಡುತ್ತಿದ್ದೆವು.

ಇದಕ್ಕೆ ‘ಊರುಗೋಲು ಪದ’ ಎಂದರೆ ಓದುಗ ಒಂದು ಕ್ಷಣ ತಡವರಿಸುತ್ತಾನೆ. ಉರ್ದು, ಹಿಂದಿಯವರು ಬಹಳ ಹಿಂದೆಯೇ ಇದಕ್ಕೆ ‘ತಕಿಯಾ ಕಲಾಮ್’ ಎಂದಿದ್ದಾರೆ. ತಕಿಯಾ ಎಂದರೆ ದಿಂಬು, ಕಲಾಮ್ ಎಂದರೆ ಮಾತು. ಮಾತು ಮುಂದೆ ಹೋಗುವ ಮೊದಲು ಒಂದು ಕ್ಷಣ ಒರಗಿಕೊಳ್ಳುವ ದಿಂಬು. ಎಷ್ಟು ಸುಖವಾದ ಹೆಸರು! ಕುಂಟುತನದ ಸುಳಿವೇ ಇಲ್ಲ. ಕನ್ನಡದಲ್ಲಿ ‘ಒರಗು ಮಾತು’ ಎಂದು ಬರೆದು ನೋಡಿ, ಹೊಸದಾದರೂ ಅರ್ಥವಾಗುತ್ತದೆ. ನಮ್ಮ ಕಾವ್ಯದವರ ಹತ್ತಿರ ಇನ್ನೊಂದು ಹಳೆಯ ಪದ ಇದೆ, ‘ಪಾದಪೂರಣ’. ಛಂದಸ್ಸಿನಲ್ಲಿ ಮಾತ್ರೆ ಕಡಿಮೆ ಬಿದ್ದಾಗ ಸಾಲು ತುಂಬಿಸಲು ಹಾಕುವ, ಅರ್ಥವಿಲ್ಲದ ಅವ್ಯಯ. ಸಂಸ್ಕೃತದ ತು, ಹಿ, ವೈ ಇದಕ್ಕೆ ಹೆಸರುವಾಸಿ. ಪದ್ಯದಲ್ಲಿ ಪಾದ ಎಂದರೆ ಸಾಲು. ಸಾಲಿಗೆ ಆಸರೆ ಎಂದರೆ ಪಾದಕ್ಕೇ ಆಸರೆ. ಕ್ರಚ್ ವರ್ಡ್‌ಗೆ ಇಷ್ಟು ಹತ್ತಿರ ಬಂದ ಪದ ನನಗೆ ಬೇರೆ ಕಂಡಿಲ್ಲ. ನಿಮ್ಮ ಲೇಖನ ಸಾಹಿತ್ಯದ ಓದುಗರಿಗಾದರೆ ಧೈರ್ಯವಾಗಿ ಬಳಸಿ. ದಿನಪತ್ರಿಕೆಗಾದರೆ ಬೇಡ.

ನಾಲ್ಕನೆಯದು ರಾಜಕೀಯ. ಇದೊಂದಕ್ಕೆ ಊರುಗೋಲು ಉಳಿಯಬಹುದು, ಆದರೆ ಲೇಖಕರ ಧಾಟಿ ನೋಡಿಕೊಳ್ಳಿ. 2004, 2006, 2018, ಹೀಗೆ ಕರ್ನಾಟಕ ಸಾಕಷ್ಟು ಮೈತ್ರಿ ಸರ್ಕಾರಗಳನ್ನು ಕಂಡಿದೆ. ಈ ಮಾತು ನಮ್ಮ ಓದುಗರಿಗೆ ಹೊಸದೇನಲ್ಲ. ಸಣ್ಣ ಪಕ್ಷ ದೊಡ್ಡದನ್ನು ನಿಲ್ಲಿಸಿದೆ ಎಂದಷ್ಟೇ ಹೇಳಬೇಕಿದ್ದರೆ ‘ಊರುಗೋಲಾಗಿದೆ’ ಸರಿಯಾಗಿಯೇ ಕೂರುತ್ತದೆ. ಸ್ವಂತ ಬಲ ಇಲ್ಲದ ಸರ್ಕಾರ ಎಂಬ ಕುಟುಕು ಇದ್ದರೆ ‘ಆ ಪಕ್ಷದ ಹಂಗಿನಲ್ಲಿರುವ ಸರ್ಕಾರ’ ಎನ್ನಿ. ಹಿಂದಿ ಪತ್ರಿಕೆಗಳು ‘ಬೈಸಾಖಿ’ ಎಂದು ಚುಚ್ಚಿದ್ದನ್ನು ನಾವು ‘ಊರುಗೋಲು’ ಎಂದು ತಂದುಕೊಂಡು ಅದೇ ಚುಚ್ಚು ಬರುತ್ತದೆ ಎಂದುಕೊಳ್ಳುತ್ತೇವೆ. ಬರುವುದಿಲ್ಲ. ಅರ್ಧ ಓದುಗರಿಗೆ ಅದು ಹೊಗಳಿಕೆಯಾಗಿಯೇ ಕೇಳಿಸುತ್ತದೆ.

ಈ ಚುಚ್ಚಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಅದಕ್ಕೆ ಕಾರಣ ನನ್ನ ಒಬ್ಬ ಗೆಳೆಯ. ಎರಡು ವರ್ಷದ ಮಗುವಾಗಿದ್ದಾಗ ಪೋಲಿಯೋ ಬಂತು. ಭಾರತ ಪೋಲಿಯೋ ಮುಕ್ತ ಎಂದು ಘೋಷಣೆಯಾದದ್ದು 2014ರ ಮಾರ್ಚ್‌ನಲ್ಲಿ. ಅದಕ್ಕೆ ಎಷ್ಟೋ ಮೊದಲು ಹುಟ್ಟಿದವನು ಅವನು. ಐವತ್ತು ವರ್ಷದಿಂದ ಜೋಡಿ ಕೋಲಿನಲ್ಲೇ ನಡೆಯುತ್ತಿದ್ದಾನೆ, ಮಕ್ಕಳನ್ನು ಓದಿಸಿದ್ದಾನೆ, ಊರು ಸುತ್ತಿದ್ದಾನೆ. ಒಮ್ಮೆ ಒಂದು ಸ್ಫೂರ್ತಿ ಭಾಷಣಕ್ಕೆ ಇಬ್ಬರೂ ಹೋಗಿದ್ದೆವು. ಭಾಷಣಕಾರರು ‘ಊರುಗೋಲು ಬಿಸಾಕಿ! ಸ್ವಂತ ಕಾಲ ಮೇಲೆ ನಿಲ್ಲಿ!’ ಎಂದು ಗರ್ಜಿಸಿದರು. ಚಪ್ಪಾಳೆ ಬಿತ್ತು. ಗೆಳೆಯ ನನ್ನ ಕಿವಿಯಲ್ಲಿ, “ನಾನು ಬಿಸಾಕ್ತೀನಿ, ನೀನು ಹಿಡ್ಕೋ ಮಾರಾಯ” ಎಂದ. ನಗು ತಡೆಯಲಾಗಲಿಲ್ಲ. ಆದರೆ ಆ ವಾಕ್ಯ ಅಚ್ಚಕನ್ನಡ ಅಲ್ಲ ಎಂದು ನನಗೆ ಹೊಳೆದದ್ದು ಅಲ್ಲೇ. ಅದು ಇಂಗ್ಲಿಷಿನಿಂದ ಬಂದ ಚಪ್ಪಾಳೆ ಗಿಟ್ಟಿಸುವ ಮಾತು. ನಮ್ಮ ಅಜ್ಜಿ ಯಾರಿಗೂ ‘ಊರುಗೋಲು ಬಿಸಾಕು’ ಎಂದವಳಲ್ಲ. “ಹೊಸಲು ಇದೆ ನೋಡ್ಕೊ, ಕೋಲು ಗಟ್ಟಿಯಾಗಿ ಊರು” ಎನ್ನುತ್ತಿದ್ದಳು.

ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಹೋಗಿ ದೊಡ್ಡ ಆಲದ ಮರ ನೋಡಿರುತ್ತೀರಿ. ನಡುವಿನ ಮೂಲ ಬೊಡ್ಡೆ ರೋಗ ಬಂದು ಸತ್ತುಹೋಯಿತು. ಇವತ್ತು ಮೂರು ಎಕರೆಯಷ್ಟು ಹಬ್ಬಿರುವುದೆಲ್ಲ ಬಿಳಲುಗಳ ಮೇಲೆ. ಕೊಂಬೆಯಿಂದ ಜೋತುಬಿದ್ದ ಬಿಳಲು ನೆಲಕ್ಕೆ ಊರಿತು, ಬೇರು ಬಿಟ್ಟಿತು, ಕೊಂಬೆಗೆ ಕಂಬವಾಯಿತು. ಜೋತುಬಿದ್ದದ್ದೂ ಊರಬಲ್ಲದು ಅನ್ನಿ, ನಮ್ಮ ಎರಡು ಕ್ರಿಯಾಪದಗಳ ಲೆಕ್ಕ ಇಲ್ಲಿ ಸ್ವಲ್ಪ ತಪ್ಪುತ್ತದೆ. ತಪ್ಪಲಿ ಬಿಡಿ.

ಅನುವಾದ ಮುಂದುವರಿಸುತ್ತೀರಾದ್ದರಿಂದ ಕೆಲವು ಗುಂಡಿಗಳನ್ನು ಮೊದಲೇ ತೋರಿಸಿಬಿಡುತ್ತೇನೆ. ಬ್ರಿಟಿಷ್ ಬರಹದಲ್ಲಿ ಪ್ಯಾಂಟಿನ ಕ್ರಚ್ ಎಂದು ಬಂದರೆ ಅದು ತೊಡೆಸಂದು. ಅಲ್ಲಿ ಊರುಗೋಲು ಹಾಕಿದರೆ ದೇವರೇ ಕಾಪಾಡಬೇಕು. ಆಸ್ಟ್ರೇಲಿಯಾದ ಕಥೆಯಲ್ಲಿ ಕುರಿಗಳನ್ನು ‘ಕ್ರಚ್’ ಮಾಡಿದರು ಎಂದಿದ್ದರೆ ಕುರಿಗಳಿಗೆ ಕೋಲು ಕೊಟ್ಟರು ಎಂದಲ್ಲ. ಬಾಲದ ಸುತ್ತ ಮತ್ತು ಹಿಂಗಾಲ ನಡುವಿನ ಉಣ್ಣೆ ಕತ್ತರಿಸಿದರು ಎಂದು. ಕೊಳಕು ಅಂಟಿದ ಉಣ್ಣೆಯಲ್ಲಿ ನೊಣ ಮೊಟ್ಟೆ ಇಟ್ಟು ಹುಳು ಬೀಳದಿರಲಿ ಎಂದು ಮಾಡುವ ಕೆಲಸ ಅದು. ಹಾಯಿ ದೋಣಿಯ ಕ್ರಚ್ ಎಂದರೆ ಹಾಯಿ ಇಳಿಸಿದಾಗ ಅಡ್ಡ ಮರವನ್ನು ಹೊತ್ತು ನಿಲ್ಲುವ ಕವೆ. ಎತ್ತು ಬಿಚ್ಚಿದ ಗಾಡಿಯ ಮೂಕಿಗೆ ಕೊಡುವ ಕೋಲನ್ನು ನೆನೆಸಿಕೊಳ್ಳಿ, ಅದೇ ಕೆಲಸ. ಲಂಡನ್ನಿನಲ್ಲಿ ಟವರ್ ಹತ್ತಿರ ‘ಕ್ರಚ್ಡ್ ಫ್ರಯರ್ಸ್’ ಎಂಬ ಬೀದಿ ಇದೆ. ಕ್ರಚ್ ಹಿಡಿದ ಸನ್ಯಾಸಿಗಳು ಎಂದು ಬರೆದುಬಿಟ್ಟೀರಿ! ಅದು ಶಿಲುಬೆಯಿಂದ ಬಂದ ಪದ. ಅವರು ಬಟ್ಟೆಯ ಮೇಲೆ ಶಿಲುಬೆ ಧರಿಸುತ್ತಿದ್ದ ಪಂಥದವರು, ಕುಂಟರಲ್ಲ.

ಕೊನೆಗೆ ನಿಮ್ಮ ತಂದೆಯವರಿಗೆ ಒಂದು ಮಾತು, ಇದು ಭಾಷೆಯದಲ್ಲ, ಆ ಫಿಸಿಯೋಥೆರಪಿಸ್ಟ್ ಹುಡುಗಿಯಿಂದ ಕಲಿತದ್ದು. ಒಂಟಿ ಕೋಲಾದರೆ ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು. ಎಡ ಮಂಡಿ ನೋವಾದರೆ ಕೋಲು ಬಲಗೈಗೆ. ನಮ್ಮಲ್ಲಿ ಬಹಳ ಜನ ನೋವಿನ ಕಡೆಗೇ ಹಿಡಿಯುತ್ತಾರೆ, ನಾನೂ ಹಿಡಿದಿದ್ದೆ. ಆಮೇಲೆ ಕೋಲಿನ ತುದಿಯ ರಬ್ಬರ್ ಬಿರಡೆಯನ್ನು ಒಮ್ಮೆ ತಿರುಗಿಸಿ ನೋಡಿ. ತಳದ ಗೀರುಗಳು ಸವೆದು ನುಣ್ಣಗಾಗಿದ್ದರೆ ಇವತ್ತೇ ಬದಲಾಯಿಸಿ. ನುಣ್ಣಗಾದ ರಬ್ಬರ್ ಒದ್ದೆ ನೆಲದಲ್ಲಿ ಊರುವುದಿಲ್ಲ.